‘ನನ್ನನ್ನು ಏಣಿ ಅನ್ನಬೇಡಿ!’

ಪತ್ತೇದಾರಿ ಓದುವವರು ಮುಂದೆ ಗಂಭೀರ ಸಾಹಿತ್ಯಕ್ಕೆ ಬರುತ್ತಾರೋ ಇಲ್ಲವೋ? ಚರ್ಚೆ ಮತ್ತೆ ಶುರುವಾಗಿದೆ, ಮಾತಾಡುವವರೆಲ್ಲ ವಿಮರ್ಶಕರೇ. ಅದಕ್ಕೇ ತಮಿಳುನಾಡಿನ ಕೊಯಮತ್ತೂರು ಬಳಿಯ ಅನ್ನೂರು ಬಸ್ ನಿಲ್ದಾಣದ ಅಂಗಡಿಯಲ್ಲಿ, ಬಾಳೆಗೊನೆಯ ಪಕ್ಕ ಕ್ಲಿಪ್ಪಿಗೆ ನೇತುಬಿದ್ದಿದ್ದ ತಮಿಳು ಪಾಕೆಟ್ ಕಾದಂಬರಿಯನ್ನೇ ಮಾತಾಡಿಸಿದೆವು.

ಕನ್ನಡ ಚೆನ್ನಾಗಿ ಬರುತ್ತಲ್ಲ!

ಬರದೆ ಏನು ಸಾರ್? ನನ್ನನ್ನು ಕೊಳ್ಳೋ ದೇವಾಂಗರು, ಒಕ್ಕಲಿಗರು ಮನೇಲಿ ಆಡೋದು ಅದೇ. ಓದೋದು ಮಾತ್ರ ನನ್ನನ್ನ.

ಅದೇ ನಮ್ಮ ಪ್ರಶ್ನೆ. ಅವರು ಕನ್ನಡ ಯಾಕೆ ಓದಲ್ಲ?

ಅದಿರಲಿ. ಮೊದಲು ಈ ಏಣಿ ವಿಚಾರ. ನನ್ನನ್ನ ಹೊಗಳೋರೂ ‘ಪರವಾಗಿಲ್ಲ, ಗಂಭೀರ ಸಾಹಿತ್ಯಕ್ಕೆ ಹತ್ತೋಕೆ ಆಗುತ್ತೆ’ ಅಂತಾರೆ. ನಮ್ಮ ಕೊಯಮತ್ತೂರಿನ ರಾಜೇಶ್‌ಕುಮಾರ್ 1500ಕ್ಕೂ ಹೆಚ್ಚು ಕಾದಂಬರಿ ಬರೆದದ್ದು ಯಾರದೋ ಕಾಲಿಡೋಕಾ? ನಿಮ್ಮ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯ 500 ದಾಟಿಸಿದರು, ಅದೂ ಏಣೀನಾ?

ಆದರೆ ನಿನ್ನಲ್ಲಿ ಮೂರನೇ ಪುಟಕ್ಕೇ ಹೆಣ ಬೀಳುತ್ತೆ, ಭಾಷೆ ಸವಕಲು...

ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಮಾರಿದರು. ಅವೂ ಜನ ಮುಗಿಬಿದ್ದು ಓದಿದ ಕತೆಗಳೇ. ಅವರಿಗೆ ಗೌರವ, ನನಗೆ ಬಾಳೆಗೊನೆ!

(ಹೆಣದ ಪ್ರಶ್ನೆಗೆ ಉತ್ತರ ಕೊನೆಗೂ ಬರಲಿಲ್ಲ.)

ನಿನ್ನಿಂದ ಯಾರಾದರೂ ಮುಂದೆ ಹೋಗಿದ್ದಾರಾ?

ನಮ್ಮ ತಮಿಳು ಲೇಖಕ ಸುಜಾತಾ ಗೊತ್ತಲ್ಲ, ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಒಂದು ಕೈಯಲ್ಲಿ ಗಣೇಶ್–ವಸಂತ್ ಜೋಡಿಯ ಪತ್ತೇದಾರಿ ಕೇಸು, ಇನ್ನೊಂದರಲ್ಲಿ ‘ಕಣೈಯಾಳಿ’ ಸಾಹಿತ್ಯ ಪತ್ರಿಕೆಯ ಕೊನೇ ಪುಟ. ಕೇಸಿಗೆಂದು ಬಂದ ಓದುಗರು ಆ ಪುಟಕ್ಕೂ ಹೋದರು. ಯಾಕೆ? ಅದೂ ಅದೇ ಭಾಷೇಲಿ, ಕೈಗೆ ಸಿಗೋ ಹಾಗಿತ್ತು.

ಹಾಗಾದರೆ ಅನ್ನೂರಿನ ಕನ್ನಡದವರು ಕಾರಂತರ ಕಡೆಗೆ...

ಎಲ್ಲಿಂದ ಸಾರ್? ಅ ಆ ಇ ಈ ಕಲಿಸಿದ್ದೀರಾ ಅವರಿಗೆ? ನವೆಂಬರ್ ಬಂದರೆ ‘ಹೊರನಾಡ ಕನ್ನಡಿಗರು’ ಅಂತ ಭಾಷಣ ಹೊಡೀತೀರಿ. ಇಲ್ಲಿ ಅಜ್ಜಿಯರು ಹುಟ್ಟಿದಾಗಿಂದ ಆಡಿದ ಮಾತನ್ನ ಅಕ್ಷರದಲ್ಲಿ ಒಮ್ಮೆಯೂ ಓದದೆ ತೀರಿಕೊಳ್ತಾರೆ. ಅವರ ಓದು ಕೆಟ್ಟಿತು ಅಂತ ನನ್ನ ಮೇಲೆ ಗೂಬೆ ಕೂರಿಸ್ತೀರಾ? ನಾನು ದಿನಾ ಅವರ ಕಣ್ಣೆದುರು ನೇತಾಡ್ತೀನಿ. ನೀವೆಲ್ಲಿದ್ರಿ?

ನಮ್ಮ ಸಮ್ಮೇಳನಗಳಲ್ಲಿ ಈ ಬಗ್ಗೆ ನಿರ್ಣಯ...

ನಿರ್ಣಯ ಯಾರು ಓದ್ತಾರೆ? ಈ ರಸ್ತೆ ಸತ್ಯಮಂಗಲ, ದಿಂಬಂ ದಾಟಿ ನೇರ ಚಾಮರಾಜನಗರಕ್ಕೆ ಹೋಗುತ್ತೆ. ಮುಂದಿನ ಸಲ ಬರುವಾಗ ಒಂದು ಕಟ್ಟು ಪುಸ್ತಕ ತನ್ನಿ. ನರಸಿಂಹಯ್ಯನವರದ್ದೂ ಇರಲಿ, ಕಾರಂತರದ್ದೂ ಇರಲಿ. ಅಕ್ಷರಮಾಲೆ ಮಾತ್ರ ಎಲ್ಲಕ್ಕಿಂತ ಮೇಲಿಡಿ.