ಸೊಪ್ಪಿನ ಬೆಟ್ಟದ ಖಾತೆದಾರರು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಅಡಿಕೆ ಬೆಳೆಗಾರರ ನಡುವೆ ರೂಪುಗೊಂಡಿರುವ ಒಂದು ವಿಶಿಷ್ಟ ವರ್ಗಕ್ಕೆ ಸಮಾಜಶಾಸ್ತ್ರದಲ್ಲಿ ಇನ್ನೂ ಹೆಸರಿಲ್ಲದಿರುವುದರಿಂದ, ಆ ವರ್ಗದವರನ್ನು ಈ ಬರಹದಲ್ಲಿ ‘ಬೆಟ್ಟದ ಖಾತೆದಾರರು’ ಎಂದು ಕರೆಯಲಾಗಿದೆ. ಬೆಟ್ಟವೆಂದರೆ ಇಲ್ಲಿ ಪರ್ವತವಲ್ಲ. ತೋಟಕ್ಕೆ ಗೊಬ್ಬರದ ಸೊಪ್ಪು, ದರಕು ತರಲೆಂದು ಬ್ರಿಟಿಷರ ಆಳ್ವಿಕೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬಿಟ್ಟುಕೊಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟ. ಖಾತೆಯೂ ಪಹಣಿಯ ಖಾತೆಯಲ್ಲ. ಬ್ಯಾಂಕು, ಇಮೇಲ್, ಆದಾಯ ತೆರಿಗೆ ಎಂದು ಪಾಸ್‌ವರ್ಡ್ ಹಾಕಿ ಒಳಹೊಗಬೇಕಾದ ಅಂತರ್ಜಾಲದ ಖಾತೆ. ಮೊದಲನೆಯದರ ನೆತ್ತಿಗೆ ಹತ್ತದೆ ಎರಡನೆಯದರ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಎರಡನ್ನೂ ಒಂದೇ ಹೆಸರಿಗೆ ಪೋಣಿಸುವುದು ಅನಿವಾರ್ಯವಾಯಿತು.

ಈ ಕಷ್ಟದ ಮೂಲ ಅಡಿಕೆಯ ಸ್ವಭಾವದಲ್ಲೇ ಇದೆ. ಅಡಿಕೆಗೆ ನೀರು ಬೇಕು, ನೆರಳು ಬೇಕು, ಗಾಳಿಯ ಹೊಡೆತ ತಾಗಬಾರದು; ಆದುದರಿಂದ ಹಿರಿಯರು ಎರಡು ಗುಡ್ಡಗಳ ನಡುವಿನ ಕಣಿವೆಯನ್ನೇ ಹುಡುಕಿ ತೋಟ ಹಾಕಿದರು, ತೋಟದ ತಲೆಯ ಮೇಲೆ ಮನೆ ಕಟ್ಟಿದರು. ಗಾಳಿ ತಾಗದ ಜಾಗಕ್ಕೆ ಟವರಿನ ಅಲೆಯೂ ತಾಗುವುದಿಲ್ಲವೆಂಬುದು ಅವರಿಗೆ ಗೊತ್ತಾಗುವ ಸಂಭವವಿರಲಿಲ್ಲ. ಮೊಬೈಲಿನ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ನಡುವೆ ಗುಡ್ಡ ಬಂದರೆ ಅಲ್ಲಿಗೇ ಸೋಲುತ್ತವೆ; ಮಳೆಗಾಲದ ದಟ್ಟ ಹಸಿರು ಉಳಿದದ್ದನ್ನು ನುಂಗುತ್ತದೆ. ಹೀಗಾಗಿ ಮಲೆನಾಡಿನಲ್ಲಿ ಒಳ್ಳೆಯ ತೋಟಕ್ಕೂ ಒಳ್ಳೆಯ ರೇಂಜಿಗೂ ಬಾಯಿ ಮಾತೇ ಇಲ್ಲ.

ಖಾತೆದಾರರಿಗೆ ಬೆಟ್ಟ ಹತ್ತುವ ಗಳಿಗೆ ಕೂಡಿಬಂದದ್ದು ‘ಎರಡು ಹಂತದ ದೃಢೀಕರಣ’ ಎಂಬ ಏರ್ಪಾಟಿನಿಂದ. ಪಾಸ್‌ವರ್ಡ್ ಎಂಬುದು ಬಳಕೆದಾರನ ತಲೆಯಲ್ಲಿರುವ ಗುಟ್ಟು; ಅದನ್ನು ಕಳ್ಳನೂ ತಿಳಿದುಕೊಳ್ಳಬಹುದಾದ್ದರಿಂದ, ಬಳಕೆದಾರನ ಕೈಯಲ್ಲೇ ಇರುವ ಯಾವುದಾದರೊಂದು ವಸ್ತುವಿನ ಸಾಕ್ಷಿಯನ್ನೂ ಕೇಳಬೇಕೆಂಬುದು ಅದರ ತಿರುಳು. ಕಾರ್ಡನ್ನು ತೋರಿಸದೆ ಆನ್‌ಲೈನಿನಲ್ಲಿ ಮಾಡುವ ಪಾವತಿಗೆ ಇಂಥ ಇನ್ನೊಂದು ಸಾಕ್ಷಿ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ 2009ರಲ್ಲಿ ವಿಧಿಸಿತು. ಆ ಸಾಕ್ಷಿ ಎಸ್ಸೆಮ್ಮೆಸ್ಸೇ ಆಗಿರಬೇಕೆಂದು ಅದು ಹೇಳಿರಲಿಲ್ಲ. ಆದರೆ ಬ್ಯಾಂಕುಗಳು ಒಂದಾದ ಮೇಲೊಂದರಂತೆ ಎಸ್ಸೆಮ್ಮೆಸ್ಸಿನ ಓಟಿಪಿಯನ್ನೇ, ಅಂದರೆ ಒಂದೇ ಸಲ ಬಳಸಬಹುದಾದ ಅಂಕಿಯನ್ನೇ, ಹಿಡಿದುಕೊಂಡವು. ನಗರದ ಯಾವುದೋ ಎತ್ತರದ ಮಹಡಿಯಲ್ಲಿ ಕುಳಿತು ಹೀಗೆ ತೀರ್ಮಾನಿಸಿದವರಿಗೆ ರೇಂಜೆಂಬುದು ಗಾಳಿಯ ಹಾಗೆ ಎಲ್ಲೆಲ್ಲೂ ಇರುವ ಪದಾರ್ಥವೆಂಬ ಗಾಢ ನಂಬಿಕೆ ಇದ್ದಿರಬೇಕು.

ಬೆಟ್ಟದ ಖಾತೆದಾರರ ವಯಸ್ಸು ಸಾಮಾನ್ಯವಾಗಿ ಅರವತ್ತರ ಆಚೆ. ಹೆಗಲ ಮೇಲೆ ಪಾಣಿಪಂಚೆ, ಕಾಲಿಗೆ ಹವಾಯಿ ಚಪ್ಪಲಿ, ಮಳೆಗಾಲದಲ್ಲಿ ತಲೆಗೆ ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಫೋನು ಇವು ಹೊರಲಕ್ಷಣಗಳು. ಬೆಟ್ಟದಲ್ಲಿ ರೇಂಜು ಸಿಗುವ ಜಾಗವನ್ನು ಅವರು ಗಜದ ಲೆಕ್ಕದಲ್ಲಲ್ಲ, ಗೇಣಿನ ಲೆಕ್ಕದಲ್ಲಿ ಬಲ್ಲರು: ಹಳೆಯ ಗೇರುಮರದ ಬುಡದ ಕಲ್ಲಿನ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿ, ಫೋನನ್ನು ಎಡಗಿವಿಗಿಂತ ತುಸು ಮೇಲಕ್ಕೆ ಎತ್ತಿ ಹಿಡಿದರೆ ಎರಡು ಕಡ್ಡಿ ಮೂಡುತ್ತವೆ, ಬಲಗೈಗೆ ಬದಲಿಸಿದರೆ ಒಂದು ಬೀಳುತ್ತದೆ. ಕಂಪ್ಯೂಟರ್ ಇರುವುದು ಕೆಳಗೆ, ಮನೆಯ ಜಗುಲಿಯಲ್ಲಿ. ಆದುದರಿಂದ ಈ ಲಾಗಿನ್ ಎಂಬುದು ಒಬ್ಬರಿಂದ ಆಗುವ ಕೆಲಸವಲ್ಲ, ಕನಿಷ್ಠ ಇಬ್ಬರು ಬೇಕಾಗುವ ಒಂದು ಕರ್ಮಾಂಗ. ಮೇಲಿನವರು “ಒತ್ತು!” ಎಂದು ಕೂಗಬೇಕು, ಕೆಳಗೆ ಮಾಣಿ, ಅಂದರೆ ಮಗನೋ ಮೊಮ್ಮಗನೋ, ಗುಂಡಿ ಒತ್ತಿ “ಆತು!” ಎನ್ನಬೇಕು, ಅನಂತರ ಅಂಗಳದಿಂದ ಹೆಂಡತಿ “ಬಂತಾ?” ಎಂದು ಕೇಳುವುದೂ ಬೆಟ್ಟದಿಂದ “ಬೈಂದಿಲ್ಲೆ!” ಎಂಬ ಉತ್ತರ ಇಳಿಯುವುದೂ ಐದಾರು ಆವರ್ತನೆಯಾಗಬೇಕು. ಕೂಗಳತೆ ಎಂಬ ಹಳೆಯ ಮಾನಕ್ಕೆ ಇಂದಿಗೂ ಇಷ್ಟು ಕರಾರುವಾಕ್ಕಾದ ಉಪಯೋಗ ಉಳಿದಿರುವುದು ಬಹುಶಃ ಇಲ್ಲಿ ಮಾತ್ರ. ಕಾಯುವ ಹೊತ್ತಿಗೆ ಖಾತೆದಾರರು ಕವಳ ಹಾಕುವುದು ರೂಢಿ, ಮತ್ತು ಬಾಯಿ ತುಂಬಿದ ಕ್ಷಣದಲ್ಲೇ ಓಟಿಪಿ ಬರುವುದು ಅದರ ರೂಢಿ. ಬಗ್ಗಿ, ಉಗಿದು, ಪಾಣಿಪಂಚೆಯಲ್ಲಿ ತುಟಿ ಒರೆಸಿ, ಕನ್ನಡಕ ಏರಿಸಿ ಮೊದಲ ಅಂಕಿಯನ್ನು ಕೂಗುವಷ್ಟರಲ್ಲಿ ಅರ್ಧ ನಿಮಿಷ ಸಂದಿರುತ್ತದೆ.

ಬಾರದ ಓಟಿಪಿ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಗೂ ಶಾಸ್ತ್ರದಲ್ಲಿ ಉತ್ತರವುಂಟು. ಎಸ್ಸೆಮ್ಮೆಸ್ಸು ಕಳಿಸಿದವರಿಂದ ನೇರವಾಗಿ ಫೋನಿಗೆ ಬರುವುದಿಲ್ಲ. ಕಂಪನಿಯ ಸಂದೇಶ ಕೇಂದ್ರದಲ್ಲಿ ಮೊದಲು ತಂಗಿ, ಫೋನು ರೇಂಜಿನೊಳಗೆ ಕಾಣಿಸಿಕೊಂಡಾಗ ಮುಂದಕ್ಕೆ ಸಾಗುತ್ತದೆ. ಹೀಗೆ ತಂಗಿದ ಅಂಕಿಗಳೆಲ್ಲ ಖಾತೆದಾರರು ಸೊಸೈಟಿಗೆಂದು ಪೇಟೆಗೆ ಹೋಗುವ ದಿನ, ಬಸ್ಸು ಘಟ್ಟದ ತಿರುವು ದಾಟುತ್ತಿದ್ದಂತೆ, ಕಿಸೆಯಲ್ಲಿ ಗಿಜಿಗಿಜಿಗುಟ್ಟುತ್ತ ಒಟ್ಟಿಗೇ ಬಂದಿಳಿಯುತ್ತವೆ. ಪ್ರತಿಯೊಂದರ ಆಯುಷ್ಯ ಹತ್ತು ನಿಮಿಷ. ಪ್ರತಿಯೊಂದಕ್ಕೂ ಮೂರು ದಿನದ ಸೂತಕ. ಹಾಗಿದ್ದೂ ಖಾತೆದಾರರು ಅವನ್ನು ಅಳಿಸುವುದಿಲ್ಲ, ಎಂದಾದರೊಮ್ಮೆ ಬೇಕಾದೀತೆಂದು ಇಟ್ಟುಕೊಂಡಿರುತ್ತಾರೆ.

ಈ ಏರ್ಪಾಟಿನ ಭದ್ರತೆಯ ವಿಚಾರದಲ್ಲಿ ಹೆಚ್ಚು ಹೇಳದಿರುವುದೇ ಸೌಜನ್ಯ. ‘ಈ ಅಂಕಿಯನ್ನು ಯಾರಿಗೂ ತಿಳಿಸಬೇಡಿ’ ಎಂಬ ಒಕ್ಕಣೆಯಿರುವ ಸಂದೇಶದ ಆರೂ ಅಂಕಿಗಳನ್ನು ಬೆಟ್ಟದ ತುದಿಯಿಂದ ಒಂದೊಂದಾಗಿ ಕೂಗಲಾಗುತ್ತದೆ. ಎದುರಿನ ಗುಡ್ಡ ಪ್ರತಿಯೊಂದನ್ನೂ ಮತ್ತೊಮ್ಮೆ ಹೇಳುತ್ತದೆ. ಕೊನೆಕೊಯ್ಲಿನ ಕಾಲವಾದರೆ ಮರದ ತುದಿಯಲ್ಲಿರುವ ಕೊನೆಗೌಡ, ಅಂದರೆ ಅಡಿಕೆಗೊನೆ ಕೊಯ್ಯುವವನು, ಮಾಣಿಗೆ ಸರಿಯಾಗಿ ಕೇಳಿಸದ ಅಂಕಿಯನ್ನು ತಿದ್ದಿ ಹೇಳುವುದೂ ಉಂಟು. ಕೂಗದೆ ಓದಿಕೊಂಡರೂ ಎಸ್ಸೆಮ್ಮೆಸ್ಸೇನೂ ಉಕ್ಕಿನ ಪೆಟ್ಟಿಗೆಯಲ್ಲ: ಬೇರೊಬ್ಬನು ಸುಳ್ಳು ದಾಖಲೆ ಕೊಟ್ಟು ಅದೇ ನಂಬರಿನ ಹೊಸ ಸಿಮ್ ಪಡೆದರೆ ಓಟಿಪಿಗಳು ಅವನ ಪಾಲಾಗುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2017ರ ಮಾರ್ಗಸೂಚಿಯಲ್ಲಿ ಈ ವಿಧಾನವನ್ನು ‘ನಿರ್ಬಂಧಿತ’ವೆಂಬ ವರ್ಗಕ್ಕೆ ಇಳಿಸಿದ್ದಕ್ಕೆ ಇಂಥವೇ ಕಾರಣ.

ವಿಚಿತ್ರವೆಂದರೆ, ಇದೇ ಖಾತೆದಾರರ ಜಗುಲಿಗೆ ಅಡಿಕೆ ಮರದಿಂದ ಮರಕ್ಕೆ ಜೋತಾಡುತ್ತ ಬಂದ ಫೈಬರ್ ತಂತಿಯ ಬ್ರಾಡ್‌ಬ್ಯಾಂಡ್ ಇದೆ. ಯಕ್ಷಗಾನದ ಬೆಳಗಿನವರೆಗಿನ ಪ್ರಸಾರ ಅಲ್ಲಿ ತಡೆಯಿಲ್ಲದೆ ನಡೆಯುತ್ತದೆ. ಫೋನೂ ಕಂಪನಿಯೂ ಒಪ್ಪುವುದಾದರೆ ‘ವೈಫೈ ಕಾಲಿಂಗ್’ ಎಂಬ ಸವಲತ್ತಿನಿಂದ ಕರೆಯನ್ನೂ ಎಸ್ಸೆಮ್ಮೆಸ್ಸನ್ನೂ ಅದೇ ತಂತಿಯಲ್ಲಿ ಬರಮಾಡಿಕೊಳ್ಳಬಹುದು. ಅದಕ್ಕಿಂತಲೂ ಸೊಗಸಾದದ್ದು ‘ಅಥೆಂಟಿಕೇಟರ್’ ಎಂಬ ಆ್ಯಪು. 2011ರಲ್ಲಿ ಪ್ರಕಟವಾದ ಒಂದು ಮುಕ್ತ ಮಾನಕದಂತೆ ನಡೆಯುವ ಇದಕ್ಕೆ ಟವರಾಗಲಿ ಅಂತರ್ಜಾಲವಾಗಲಿ ಬೇಡ. ಮೊದಲ ದಿನ ಒಂದು ಕ್ಯೂಆರ್ ಚೌಕದ ಮೂಲಕ ಖಾತೆಯವರೂ ಫೋನೂ ಒಂದು ಗುಪ್ತ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. ಆಮೇಲೆ ಇಬ್ಬರೂ ಆ ಸಂಖ್ಯೆಯನ್ನೂ ಗಡಿಯಾರದ ಹೊತ್ತನ್ನೂ ಒಂದೇ ಸೂತ್ರಕ್ಕೆ ಹಾಕಿ ಗುಣಿಸಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರಂಕಿಯನ್ನು ತಂತಮ್ಮಲ್ಲೇ ಹೊರಡಿಸುತ್ತಾರೆ. ಒಬ್ಬ ಜೋಯಿಸರು ಶಿರಸಿಯಲ್ಲೂ ಇನ್ನೊಬ್ಬರು ಕಾಶಿಯಲ್ಲೂ ಕುಳಿತು ಒಂದೇ ಸಿದ್ಧಾಂತದ ಮೇರೆಗೆ ಗ್ರಹಣದ ಗಳಿಗೆಯನ್ನು ಗುಣಿಸಿದರೆ, ಪರಸ್ಪರ ಮಾತಾಡದೆಯೂ ಇಬ್ಬರ ಲೆಕ್ಕ ಕೂಡುತ್ತದಲ್ಲವೇ, ಇದೂ ಹಾಗೆಯೇ. ಫೋನಿನ ಗಡಿಯಾರ ಹಿಂದುಮುಂದಾದರೆ ಮಾತ್ರ ಎರಡು ಏಕಾದಶಿಗಳ ಪ್ರಸಂಗ ಬರುತ್ತದೆ.

ಪಂಚಾಂಗದ ಈ ಹೋಲಿಕೆಯನ್ನು ಮೆಚ್ಚಿ ತಲೆದೂಗಿದ ಖಾತೆದಾರರೂ ಆ್ಯಪನ್ನು ನಂಬುವುದಿಲ್ಲ. ಎಲ್ಲಿಂದಲೂ ಬಾರದ ಅಂಕಿ ಅಧಿಕೃತ ಹೇಗಾದೀತೆಂಬುದು ಅವರ ಆಕ್ಷೇಪ. ಬೆರಳಚ್ಚಿನಿಂದ ತೆರೆಯುವ ‘ಪಾಸ್‌ಕೀ’ಯನ್ನು ಕೆಲವರು ಪ್ರಯತ್ನಿಸಿದರಾದರೂ, ಅಡಿಕೆ ಸುಲಿದು ಚೊಗರು ಹಿಡಿದ ಹೆಬ್ಬೆರಳನ್ನು ಫೋನು ಗುರುತಿಸಲೊಪ್ಪದೆ ಅದು ಅಲ್ಲಿಗೇ ನಿಂತಿತು. ಇಮೇಲಿನವರು ಆಪತ್ಕಾಲಕ್ಕೆಂದು ಕೊಡುವ, ಒಂದೊಂದೂ ಒಮ್ಮೆ ಮಾತ್ರ ನಡೆಯುವ ಹತ್ತು ‘ಬ್ಯಾಕಪ್ ಕೋಡ್’ಗಳನ್ನು ಮಾತ್ರ ಅವರು ಬಹಳ ಗೌರವದಿಂದ ಬರೆದಿಟ್ಟುಕೊಂಡಿದ್ದಾರೆ, ಆದರೆ ಕಳೆದ ಸಂವತ್ಸರದ ಪಂಚಾಂಗದಲ್ಲಿ, ಅದೀಗ ಅಟ್ಟದಲ್ಲಿದೆ. ಆದಾಯ ತೆರಿಗೆಯ ವಿಚಾರದಲ್ಲಿ ಅವರಿಗೆ ಚಿಂತೆಯಿಲ್ಲ: ಸಹಿ ಮಾಡಿದ ಹಾಳೆಯನ್ನು 30 ದಿನದೊಳಗೆ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸುವ ದಾರಿ ತೆರೆದಿದೆ, ಮತ್ತು ಪೋಸ್ಟ್‌ಮನ್ನಿಗೆ ರೇಂಜು ಬೇಕಾಗಿಲ್ಲ.

ಎಸ್ಸೆಮ್ಮೆಸ್ಸಿನ ಹೊರತಾದ ಸಾಕ್ಷಿಗಳಿಗೂ ಉತ್ತೇಜನ ಕೊಡುವ ಹೊಸ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ, ಅದರ ಜಾರಿಗೆ 2026ರ ಏಪ್ರಿಲ್ 1ನ್ನು ಗೊತ್ತುಪಡಿಸಿತು. ಅದಕ್ಕೂ ಮೊದಲೇ, ದೀಪಾವಳಿಗೆಂದು ಬೆಂಗಳೂರಿನಿಂದ ಬರುವ ಮಗಳು ಇಂಥ ಮನೆಗಳಲ್ಲಿ ಅಪ್ಪಯ್ಯನ ಇಮೇಲಿಗೆ ಅಥೆಂಟಿಕೇಟರ್ ಹಾಕಿಕೊಟ್ಟು, ಜಗುಲಿಯಲ್ಲೇ ನಾಲ್ಕು ಸಲ ತೆರೆಸಿ ತೋರಿಸಿ, ಇನ್ನು ಬೆಟ್ಟ ಹತ್ತಬೇಕಾಗಿಲ್ಲವೆಂದು ಹೇಳಿ ಹೋಗಿರುತ್ತಾಳೆ. ಖಾತೆದಾರರು ಒಪ್ಪಿರುತ್ತಾರೆ. ಅವಳ ಬಸ್ಸು ಹೊರಟ ಮರುದಿನ ಬೆಳಿಗ್ಗೆ ಆಸರಿ ಮುಗಿಸಿ, ಫೋನನ್ನು ಕೊಟ್ಟೆಯಲ್ಲಿ ಸುತ್ತಿ, ಗೇರುಮರದ ಬುಡದ ಕಲ್ಲನ್ನೇರಿ, ಪಶ್ಚಿಮಕ್ಕೆ ತಿರುಗಿ, ಆ್ಯಪನ್ನು ತೆರೆದು ಕೂಗಲಾರಂಭಿಸುತ್ತಾರೆ, ನಾಲ್ಕನೆಯ ಅಂಕಿ ಕಣಿವೆಗಿಳಿದು ಎದುರು ಗುಡ್ಡದಿಂದ ಮರಳುವ ಹೊತ್ತಿಗೆ 30 ಸೆಕೆಂಡು ಮುಗಿದು, ಮೇಲಿನಿಂದ “ತಡಿಯೋ ಮಾಣೀ, ಬದ್ಲಾತು!” ಎಂಬ ಕೂಗು ಕೇಳಿಬರುತ್ತದೆ.