ಜೆಟ್ಟಿಂಗ್ ಗಾಡಿ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರು ಏನೇನೋ ವಿಚಾರಿಸುತ್ತಾರೆ. ಬಾಗಿಲು ಪೂರ್ವಕ್ಕಿದೆಯೇ, ಖಾತೆ ಸರಿಯಾಗಿದೆಯೇ, ಕಾವೇರಿ ನೀರು ಬರುತ್ತದೆಯೇ, ಕಾರು ನಿಲ್ಲಿಸಲು ಜಾಗ ಉಂಟೇ. ಚೇಂಬರು ಎಲ್ಲಿದೆ, ರಸ್ತೆಯ ಇಳಿಜಾರು ಯಾವ ಕಡೆಗೆ ಎಂದು ಕೇಳಿದ ಪುಣ್ಯಾತ್ಮರನ್ನು ನಾನಿನ್ನೂ ಕಂಡಿಲ್ಲ. ವಾಸ್ತುವಿನವರು ಬಂದು ಸಂಪು ಈಶಾನ್ಯದಲ್ಲಿರಲಿ, ಒಲೆ ಆಗ್ನೇಯದಲ್ಲಿರಲಿ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೋಗುತ್ತಾರೆ. ಬಚ್ಚಲ ನೀರಿಗೆ ಎಂಟು ದಿಕ್ಕುಗಳ ಹಂಗಿಲ್ಲ. ಅದು ಬಲ್ಲ ದಿಕ್ಕು ಒಂದೇ, ಕೆಳಗೆ.

ಈ ಊರಿನ ನೆಲವೇ ಹಾಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಊರು ಕುಳಿತಿದೆ. ಹೆಬ್ಬಾಳದ ಕಡೆಗೊಂದು, ಕೋರಮಂಗಲ–ಚಲ್ಲಘಟ್ಟದ ಕಡೆಗೊಂದು, ವೃಷಭಾವತಿಯ ಕಡೆಗೊಂದು ಕಣಿವೆ. ಹೋಗುವ ನೀರು ಬಹುಪಾಲು ತಾನಾಗಿಯೇ ಜಾರಿಕೊಂಡು ಹೋಗುತ್ತದೆ. ಬರುವ ನೀರಿನದೇ ರಾಮಾಯಣ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಮೂರು ಕಡೆ ಪಂಪು ಹಾಕಿ ಕಾವೇರಿಯನ್ನು ಹತ್ತಿಸಿ ತರಬೇಕು. 1974ರಿಂದ ಹೀಗೆ ತರುತ್ತಿದ್ದೇವೆ. ಹಾಗೆ ಬಂದ ನೀರು ನಮ್ಮ ಹನುಮಂತನಗರದ ಬಚ್ಚಲಿಗೆ ಬಿದ್ದರೆ ವೃಷಭಾವತಿಯ ಪಾಲು. ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಬಸವನಗುಡಿಯ ಹಿರಿಯರು ಕೈಮುಗಿದು ಹೇಳುತ್ತಿದ್ದ ನದಿ ಅದು. ಈಗ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿ ದಾಟುತ್ತೇವೆ. ಅದು ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಂದರೆ ಕಾವೇರಿಯದನ್ನು ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ. ಯಾವ ಸ್ಥಿತಿಯಲ್ಲಿ ಎಂದು ಮಾತ್ರ ಕೇಳಬಾರದು.

ನಮ್ಮ ರಸ್ತೆಯೂ ಗುಡ್ಡದ ಮಗ್ಗುಲಲ್ಲೇ ಇಳಿಯುತ್ತದೆ. ವಿಧಾನಸೌಧದಲ್ಲಿರುವಂತೆ ಇಲ್ಲಿಯೂ ಮೇಲ್ಮನೆ, ಕೆಳಮನೆಗಳಿವೆ. ಮೇಲ್ಮನೆಯಲ್ಲಿ ಅಂಗೀಕಾರವಾದದ್ದೆಲ್ಲ ಚರ್ಚೆಯಿಲ್ಲದೆ ಕೆಳಮನೆಗೆ ಬರುತ್ತದೆ; ತಿರಸ್ಕರಿಸಿ ವಾಪಸು ಕಳಿಸುವ ಅಧಿಕಾರ ಇವರಿಗಿಲ್ಲ. ಲೈನು ಕಟ್ಟಿಕೊಂಡಿತೆಂದರೆ ಮೊದಲು ತಿಳಿಯುವುದು ಕೊನೆಯ ಮನೆಯ ರಾಯರಿಗೆ. ಬಚ್ಚಲ ನಹಾನಿ ಟ್ರ್ಯಾಪು ಒಂದು ಬೆಳಗ್ಗೆ ಗುಳುಗುಳು ಎನ್ನುತ್ತದೆ. ರಾಯರು ಸಂಕೋಚದ ಮನುಷ್ಯ. ಯಾರದೋ ಮನೆಯ ಕರಿಬೇವು ತಮ್ಮ ಬಚ್ಚಲಲ್ಲಿ ತೇಲುತ್ತಿದ್ದರೂ ಇದನ್ನು ಅವರಿಗೆ ಹೇಳುವುದಾದರೂ ಹೇಗೆ ಎಂದು ಒಂದೆರಡು ದಿನ ಯೋಚಿಸುತ್ತಾರೆ. ಅವರ ಮನೆಯಾಕೆಗೆ ಅಂಥ ಸಂಕೋಚವಿಲ್ಲ. ಬಚ್ಚಲಿಗೊಮ್ಮೆ ಇಣುಕಿ, "ಇವತ್ತು ಮೇಲಿನವರ ಮನೇಲಿ ಹುಳಿ ಇಲ್ಲ, ಬರೀ ತಿಳಿಸಾರು" ಎಂದು ಹೇಳಿಬಿಡುತ್ತಾರೆ.

ಮೇಲಿನ ಮನೆಗಳಲ್ಲಿ ಆ ಹೊತ್ತಿಗೆ ಯಾವ ತೊಂದರೆಯೂ ಇರುವುದಿಲ್ಲವಾದ್ದರಿಂದ ಸಲಹೆಗಳಿಗೆ ಬರವಿಲ್ಲ. ಕುದಿಯುವ ನೀರು ಸುರಿಯಿರಿ. ರಬ್ಬರ್ ಬಟ್ಟಲಿನ ಕೋಲಿನಲ್ಲಿ ಒತ್ತಿ. ಅಡುಗೆ ಸೋಡ ಹಾಕಿ ಮೇಲೆ ವಿನಿಗರ್ ಹುಯ್ಯಿರಿ, ಮೊಬೈಲಿನಲ್ಲಿ ತೋರಿಸಿದ್ದಾರೆ. ಈ ಕೊನೆಯದನ್ನು ಕೇಳಿದರೆ ನಮ್ಮ ರಸ್ತೆಯ ನಿವೃತ್ತ ಮೇಷ್ಟ್ರಿಗೆ ಸಿಟ್ಟು. "ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಜಗಳವಾಡಿ ನೊರೆ ಎಬ್ಬಿಸ್ತಾವೆ, ಆಮೇಲೆ ಉಳಿಯೋದು ಒಂಥರಾ ಉಪ್ಪುನೀರು. ನೊರೆ ನೋಡಿ ಖುಷಿಪಡಬೇಕು ಅಷ್ಟೆ." ನಾವು ಚಿಕ್ಕವರಿದ್ದಾಗ ಇದಕ್ಕೆಲ್ಲ ಒಂದೇ ಮದ್ದು, ಬಿದಿರಿನ ದಬ್ಬೆ. ಉದ್ದುದ್ದ ಸೀಳಿದ ದಬ್ಬೆಗಳನ್ನು ಒಂದಕ್ಕೊಂದು ಬಿಗಿದು ಕೊಳವೆಯೊಳಗೆ ತೂರಿ ಹಿಂದೆ ಮುಂದೆ ಎಳೆಯುತ್ತಿದ್ದರು. ದಬ್ಬೆ ಕಸದ ನಡುವೆ ಒಂದು ತೂತು ಕೊರೆಯುತ್ತದೆ, ನೀರು ಇಳಿಯುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಗೋಡೆಗಂಟಿದ ಜಿಡ್ಡು ಅಲ್ಲೇ ಇರುತ್ತದೆ. ಮುಂದಿನ ಹಬ್ಬದ ಹೊತ್ತಿಗೆ ತೂತು ಮುಚ್ಚಿರುತ್ತದೆ.

ಈಗ ದೂರು ಕೊಟ್ಟರೆ ಬರುವುದು ಜೆಟ್ಟಿಂಗ್ ಗಾಡಿ. ಬೆನ್ನ ಮೇಲೆ ದೊಡ್ಡ ನೀರಿನ ಟ್ಯಾಂಕು, ಹಿಂದುಗಡೆ ರಾಟೆಗೆ ಸುತ್ತಿದ ನೂರಾರು ಅಡಿ ರಬ್ಬರ್ ಹೋಸು, ಗಾಡಿಯ ಎಂಜಿನ್ನಿನಿಂದಲೇ ತಿರುಗುವ ಪಿಸ್ಟನ್ ಪಂಪು. ಗಾಡಿ ಬಂತೆಂದರೆ ಬೀದಿಗೆ ಬೀದಿಯೇ ಹೊರಗೆ. ಮೂಗಿಗೆ ಸೆರಗು, ಕರವಸ್ತ್ರ ಹಿಡಿದಿರುತ್ತಾರೆ, ಆದರೆ ಯಾರೂ ಒಳಗೆ ಹೋಗುವುದಿಲ್ಲ.

ಕಳೆದ ಸಲ ಬಂದ ಆಪರೇಟರ್ ಹುಡುಗ ಮೊದಲು ಮಾಡಿದ ಕೆಲಸವೇ ಜನರಿಗೆ ಹಿಡಿಸಲಿಲ್ಲ. ತುಂಬಿ ತುಳುಕುತ್ತಿದ್ದ ಚೇಂಬರನ್ನು ಕಣ್ಣೆತ್ತಿಯೂ ನೋಡದೆ ಅದರ ಕೆಳಗಿನ, ಒಣಗಿ ನಿಂತಿದ್ದ ಚೇಂಬರಿನ ಮುಚ್ಚಳ ಎಬ್ಬಿಸಿದ. "ಏನಪ್ಪಾ, ತುಂಬಿರೋದು ಅಲ್ಲಿ!" ಎಂದು ನಾಲ್ಕು ಕಡೆಯಿಂದ ಕೂಗು. "ಗೊತ್ತು ಸಾರ್" ಎಂದ. ಮೇಲಿನಿಂದ ನೂಕಿದರೆ ಕಸ ಇನ್ನಷ್ಟು ಬಿಗಿದು ಕೂರುತ್ತದೆ. ಕೆಳಗಿನಿಂದ ಹೋಸು ಹತ್ತಿಸಿದರೆ ಒಡೆದ ಕಸ ಇತ್ತಲೇ ಇಳಿದು ಬರುತ್ತದೆ, ತೆರೆದ ಚೇಂಬರಿನಲ್ಲಿ ಎತ್ತಿಹಾಕಬಹುದು. ಇದನ್ನು ಅವನು ನಮಗೆ ವಿವರಿಸುವ ಗೋಜಿಗೆ ಹೋಗಲಿಲ್ಲ. ಪ್ರತಿ ಬೀದಿಯಲ್ಲೂ ಇದೇ ಕೂಗು ಕೇಳಿ ಅವನಿಗೆ ರೂಢಿಯಾಗಿತ್ತು.

ಹೋಸಿನ ತುದಿಯ ನಾಜಲ್ಲನ್ನು ನಾನು ಹತ್ತಿರದಿಂದ ನೋಡಿದೆ. ಅಂಗೈ ತುಂಬುವಷ್ಟು ದಪ್ಪದ ಉಕ್ಕಿನ ಗುಂಡು, ಉಜ್ಜಿ ಉಜ್ಜಿ ಮೂತಿ ಬೆಳ್ಳಗಾಗಿತ್ತು. ಮುಂದುಗಡೆ ಒಂದೇ ಸಣ್ಣ ತೂತು. ಹಿಂಬದಿಯ ಸುತ್ತ ಮಾತ್ರ ಓರೆಯಾಗಿ ಕೊರೆದ ತೂತುಗಳ ಸಾಲು. ನೀರೆಲ್ಲ ಹಿಂದಕ್ಕೆ ಚಿಮ್ಮುವುದಾದರೆ ಇದು ಮುಂದಿನ ಕಸ ಒಡೆಯುವುದು ಹೇಗೆ? ಇಲ್ಲೇ ಮೇಷ್ಟ್ರಿಗೆ ಪಾಠದ ಅವಕಾಶ ಸಿಕ್ಕಿದ್ದು. ಹಿಂದಕ್ಕೆ ಚಿಮ್ಮುವ ನೀರಿನ ಪ್ರತಿಕ್ರಿಯೆಯಿಂದ ನಾಜಲ್ಲು ಮುಂದಕ್ಕೆ ಜಿಗಿಯುತ್ತದೆ, ಹೋಸನ್ನೂ ಎಳೆದುಕೊಂಡು ಕೊಳವೆಯೊಳಗೆ ತಾನೇ ಹತ್ತುತ್ತದೆ. ನ್ಯೂಟನ್ನಿನ ಮೂರನೇ ನಿಯಮ. ಮುಂದಿನ ತೂತು ದಾರಿ ಕೊರೆಯುತ್ತದೆ. ಮೇಲೆ ಹತ್ತಿದ ಮೇಲೆ ರಾಟೆ ತಿರುಗಿಸಿ ನಿಧಾನವಾಗಿ ಹಿಂದಕ್ಕೆಳೆದರೆ ಹಿಂಬದಿಯ ಧಾರೆಗಳು ಕೊಳವೆಯ ಒಳಮೈಯನ್ನು ಸುತ್ತಲೂ ಕೆರೆದು ಎಲ್ಲವನ್ನೂ ಗುಡಿಸಿ ತರುತ್ತವೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ರಾಕೆಟ್ಟು ಹಾರಿಸಿದ್ದ ಮೇಷ್ಟ್ರು ಆ ಬೆಳಗ್ಗೆ ನಿಜಕ್ಕೂ ಸಂತೋಷವಾಗಿದ್ದರು.

ಒತ್ತಡ ಎಷ್ಟಪ್ಪ ಎಂದು ಕೇಳಿದರೆ ಹುಡುಗ ಮೀಟರಿನ ಮುಳ್ಳು ತೋರಿಸಿದ. ಕಾರಿನ ಟೈರಿಗೆ ಚದರ ಇಂಚಿಗೆ 30 ಪೌಂಡಿನ ಆಸುಪಾಸು ಗಾಳಿ ಹಾಕಿಸುತ್ತೇವೆ. ಇಂಥ ಗಾಡಿಗಳು 1,500, 2,000 ಪೌಂಡು, ಕೆಲವು ಅದಕ್ಕೂ ಮೇಲೆ ಹೋಗುತ್ತವೆ. ನಾಜಲ್ಲು ಕೊಳವೆಯೊಳಗೆ ನಾಲ್ಕಾರು ಅಡಿ ಹೋಗುವವರೆಗೆ ಪಂಪಿಗೆ ಪೂರ್ತಿ ಜೋರು ಕೊಡುವಂತಿಲ್ಲ. ಹೊರಗೆ ತಿರುಗಿಬಿಟ್ಟರೆ ಹೋಸು ಯಾರ ಮಾತನ್ನೂ ಕೇಳುವುದಿಲ್ಲ. ಧಾರೆ ಕೈಗೆ ತಾಗಿದರೆ ಹೊರಗೆ ಸೂಜಿಮೊನೆಯಷ್ಟು ಗಾಯ ಕಾಣುತ್ತದೆ, ಒಳಗೆ ಕೊಳಕು ನೀರು ಮಾಂಸದವರೆಗೂ ನುಗ್ಗಿರುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳು ಉಳಿಯುವುದೂ ಕಷ್ಟ. ಇಷ್ಟೆಲ್ಲ ಗೊತ್ತಿರುವ ಹುಡುಗ ಕೈಗೆ ಹಾಕಿಕೊಂಡಿದ್ದ ಗವಸಿನ ಒಂದು ಬೆರಳು ಹರಿದಿತ್ತು.

ಪಂಪು ಗರ್ಜಿಸುವ ಮೊದಲು ಅವನು ಕೂಗಿದ: "ಅಮ್ಮಾ, ಬಾತ್‌ರೂಮಿನಲ್ಲಿ ಯಾರೂ ಇರಬೇಡಿ, ಕಮೋಡ್ ಮುಚ್ಚಿ, ಮೇಲೊಂದು ಬಕೆಟ್ ನೀರು ಇಡಿ!" ಜನ ನಕ್ಕರು. ನಗುವ ವಿಷಯವಲ್ಲ. ನಾಜಲ್ಲು ಓಡುವಾಗ ಕೊಳವೆಯೊಳಗಿನ ಗಾಳಿಯನ್ನೂ ತಳ್ಳುತ್ತದೆ. ಆ ಗಾಳಿ ಹೊರಗೆ ಹೋಗಲೆಂದೇ ಪ್ರತಿ ಮನೆಯಲ್ಲೂ ತಾರಸಿಯವರೆಗೆ ವೆಂಟ್ ಪೈಪು ಏರಿಸಿರುತ್ತಾರೆ. ನಡುವಿನ ಒಂದು ಮನೆಯವರು ಹೊಸದಾಗಿ ಬಣ್ಣ ಹೊಡೆಸುವಾಗ ಆ ಪೈಪು ಅಂದಗೆಡಿಸುತ್ತದೆಂದು ಕತ್ತರಿಸಿ ಸಿಮೆಂಟು ಮೆತ್ತಿಸಿದ್ದರು. ಗಾಳಿ ಇನ್ನೊಂದು ದಾರಿ ಹುಡುಕಿಕೊಂಡಿತು. ಟ್ರ್ಯಾಪಿನಲ್ಲಿ ನಾತ ತಡೆಯಲೆಂದು ನಿಂತಿರುವ ನೀರು, ತನ್ನ ಹಿಂದಿದ್ದದ್ದನ್ನೂ ಕರೆದುಕೊಂಡು, ಇಟಾಲಿಯನ್ ಮಾರ್ಬಲ್ಲಿನ ಬಚ್ಚಲ ಚಾವಣಿಯವರೆಗೂ ಹಾರಿತೆಂದು ಅವರ ಮನೆಗೆಲಸದಾಕೆ ಮರುದಿನ ಬೀದಿಗೆಲ್ಲ ವರದಿ ಕೊಟ್ಟಳು. ಮನೆಯವರು ಈ ಬಗ್ಗೆ ಹೇಳಿಕೆ ನೀಡಿಲ್ಲ.

ಅಷ್ಟರಲ್ಲಿ ಕೆಳ ಚೇಂಬರಿಗೆ ಬಂದು ಬೀಳತೊಡಗಿದ್ದನ್ನು ಪಟ್ಟಿಮಾಡಬೇಕು. ಹೆಪ್ಪುಗಟ್ಟಿದ ಎಣ್ಣೆ, ಬೂದುಬಿಳುಪಿನ ಉಂಡೆ ಉಂಡೆಯಾಗಿ. ಕೂದಲ ಸಿಂಬಿ. ತಿಂಗಳುಗಟ್ಟಲೆ ಅಂಗಳ ತೊಳೆದ ರಂಗೋಲಿ ಪುಡಿ, ನೀರಲ್ಲಿ ಕರಗದ ಕಲ್ಲಿನ ಪುಡಿ ಅದು, ತಳದಲ್ಲಿ ಗಾರೆಯಂತೆ ಕೂತಿತ್ತು. ತೆಂಗಿನ ನಾರು, ಮಗುವಿನ ಡೈಪರು, ಒಂದು ಚಮಚ, ಟೈಲ್ಸ್ ಕೆಲಸದವರು ತೊಳೆದುಬಿಟ್ಟ ಸಿಮೆಂಟಿನ ಹಲ್ಲೆ. ಆಮೇಲೆ ಬಂದದ್ದು ಬೇರು. ಹಳೆಯ ಪಿಂಗಾಣಿ ಕೊಳವೆಗಳ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅರಳಿಯ ಬೇರಿಗೆ ಸಾಕು. ಪ್ರತಿ ವಸ್ತು ಮೇಲೆ ಬಂದಾಗಲೂ ಅದು ತಮ್ಮದಲ್ಲ ಎಂದು ಯಾರಾದರೂ ಒಬ್ಬರು, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು. "ನಮ್ಮನೇಲಿ ನಾರು ಬಳಸೋದೇ ಇಲ್ಲ, ಎಲ್ಲ ಸ್ಕ್ರಬ್ಬರು." ಚಮಚದ ಮೇಲೆ ಹೆಸರು ಕೆತ್ತಿಸಿತ್ತೆಂದು ನನ್ನ ಅನುಮಾನ, ಯಾರೂ ಬಗ್ಗಿ ಓದುವ ಧೈರ್ಯ ಮಾಡಲಿಲ್ಲ.

ನಮಗಷ್ಟೇ ಈ ಭಾಗ್ಯ ಎಂದುಕೊಳ್ಳಬೇಕಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್‌ನ ಚರಂಡಿಯಲ್ಲಿ ಎಣ್ಣೆ, ಜಿಡ್ಡು, ಒದ್ದೆ ಕಾಗದದ ಒರಸುಗಳೆಲ್ಲ ಗಟ್ಟಿಯಾಗಿ ಸುಮಾರು 250 ಮೀಟರ್ ಉದ್ದ, 130 ಟನ್ ತೂಕದ ಗುಡ್ಡೆಯಾಗಿತ್ತು. ಇದೇ ನೀರಿನ ಧಾರೆ ಹಿಡಿದು ವಾರಗಟ್ಟಲೆ ಒಡೆದರು. ಅದರದೊಂದು ತುಂಡನ್ನು ಮರುವರ್ಷ ಲಂಡನ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಜನಕ್ಕೆ ತೋರಿಸಿದರು. ನಮ್ಮ ಚಮಚಕ್ಕೆ ಅಂಥ ಗೌರವ ಸಿಗಲಿಲ್ಲ.

ಕೊಳವೆಯ ಒಂದು ಕಡೆ ಬೇರಿನ ಗಂಟು ಧಾರೆಗೂ ಜಗ್ಗಲಿಲ್ಲ. ಹುಡುಗ ನಾಜಲ್ಲು ಬದಲಿಸಲು ಗಾಡಿಯ ಪೆಟ್ಟಿಗೆ ತೆರೆದ. ಬೇರು ಕತ್ತರಿಸುವ ಬೇರೆ ನಾಜಲ್ಲು ಇರುತ್ತದೆ. ಅವತ್ತು ಅದು ಇನ್ನೊಂದು ಗಾಡಿಯಲ್ಲಿತ್ತು, ತರಿಸಬೇಕಿತ್ತು. ಆಗ ನಮ್ಮವರೊಬ್ಬರು, ಕೆಟ್ಟವರೇನಲ್ಲ, ಗಣೇಶನ ಚಂದಾ ಧಾರಾಳವಾಗಿ ಕೊಡುವವರು, ಮುಂದೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ಜೊತೆ ಇದಾನಲ್ಲ, ಅವನು ಒಂದ್ನಿಮಿಷ ಇಳಿದು ಕೈಯಲ್ಲೇ ಎಳೆದುಬಿಡಲಿ. ನಾವು ಏನಾದರೂ ಕೊಡ್ತೀವಿ."

ಹುಡುಗ ತಲೆ ಎತ್ತಲಿಲ್ಲ. "ಇಳಿಸೋ ಹಾಗಿಲ್ಲ ಸಾರ್. ಇಳಿ ಅಂತ ಹೇಳಿದೋರ ಮೇಲೂ ಕೇಸಾಗುತ್ತೆ."

ಅವನು ಹೇಳಿದ್ದು ನಿಜ. 2013ರ ಕಾನೂನಿನಲ್ಲಿ ಯಾವ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಮನುಷ್ಯನನ್ನು ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗನ್ನೇ ಸಾಯಿಸುತ್ತದೆ. ವಾಸನೆ ಇಲ್ಲ, ಪರವಾಗಿಲ್ಲ ಎಂದು ಇಳಿದವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಪತ್ರಿಕೆಯ ಒಳಪುಟದ ಆ ಸುದ್ದಿಯಲ್ಲಿ ಇಬ್ಬರು ಮೂವರ ಹೆಸರು ಒಟ್ಟಿಗೇ ಇರುವುದು ಇದಕ್ಕೆ. 2023ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು, ಅಂದರೆ ಸಾವು ನಿಂತಿರಲಿಲ್ಲ. ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದೂ ಅಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕೇಂದ್ರದ ಕಾನೂನಿಗಿಂತ ಎಷ್ಟೋ ಮೊದಲೇ, 1970ರ ದಶಕದಲ್ಲಿ, ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಇಲ್ಲಿ ನಿಷೇಧಿಸಿದ್ದರು. ಅದರ ನಂತರವೂ ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಒಣ ಪಾಯಿಖಾನೆಗಳಿದ್ದವು, ಬಳಿಯುವವರಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವೆಲ್ಲ ಸುತ್ತಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಹುಡುಗ "ಇಳಿಸೋ ಹಾಗಿಲ್ಲ" ಎಂದು ಅಷ್ಟು ಸಲೀಸಾಗಿ ಹೇಳಬೇಕಾದರೆ ಅದರ ಹಿಂದೆ ಇಷ್ಟೆಲ್ಲ ಇದೆ. ಆ ಸಜ್ಜನರು "ನಾನು ಸುಮ್ನೆ ಹೇಳಿದೆ" ಎಂದು ಹಿಂದೆ ಸರಿದರು.

ನಾಜಲ್ಲು ಬರುವವರೆಗೆ ಕಾಯಬೇಕಿತ್ತು. ಕಾಫಿ ಬಂತು. ನಮಗೆಲ್ಲ ಸ್ಟೀಲ್ ಲೋಟ, ಅವರಿಬ್ಬರಿಗೆ ಕಾಗದದ ಕಪ್ಪು. ಕಪ್ಪು ತಂದವರು ಯಾರು ಎಂದು ನಾನು ಹೇಳುವುದಿಲ್ಲ. ಎಲ್ಲ ಮನೆಯಲ್ಲೂ ಅಂಥ ಕಪ್ಪುಗಳ ಒಂದು ಕಟ್ಟು ಇರುತ್ತದೆ. ಹುಡುಗ ಕುಡಿಯುತ್ತ ತನ್ನ ಕೆಲಸದ ಕಷ್ಟ ಹೇಳಿಕೊಂಡ. ಚಿಕ್ಕಪೇಟೆಯ ಗಲ್ಲಿಗಳಿಗೆ ಇಷ್ಟು ದೊಡ್ಡ ಗಾಡಿ ನುಗ್ಗುವುದಿಲ್ಲ. ಮಳೆಗಾಲದಲ್ಲಿ ತಾರಸಿಯ ನೀರನ್ನೆಲ್ಲ ಜನ ಒಳಚರಂಡಿಗೇ ಬಿಡುತ್ತಾರೆ, ಆಗ ಗಾಡಿಗೆ ಬಿಡುವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು ಡಾಂಬರು. ರಸ್ತೆಗೆ ಹೊಸ ಡಾಂಬರು ಹಾಕುವವರು ಮುಚ್ಚಳವನ್ನೂ ಸೇರಿಸಿ ಹಾಕಿಬಿಡುತ್ತಾರೆ. ಎಷ್ಟೋ ಕಡೆ ಗಾಡಿ ನಿಲ್ಲಿಸಿಕೊಂಡು ಕಬ್ಬಿಣದ ಸಲಾಕೆಯಲ್ಲಿ ರಸ್ತೆ ಕುಟ್ಟಿ, ಟೊಳ್ಳು ಸದ್ದು ಎಲ್ಲಿ ಬರುತ್ತದೆಂದು ಕಿವಿಗೊಟ್ಟು ಕೇಳುತ್ತ ಕೂರಬೇಕು.

ಮಧ್ಯಾಹ್ನದ ಹೊತ್ತಿಗೆ ಬೇರು ತುಂಡಾಗಿ ಬಂತು. ಮೇಲಿನ ಚೇಂಬರು ಒಂದು ದೊಡ್ಡ ಗುಟುಕು ಎಳೆದು ಖಾಲಿಯಾಯಿತು. ರಾಯರು ಒಳಗೆ ಓಡಿಹೋಗಿ ಬಚ್ಚಲು ನೋಡಿ ಬಂದು ಎಲ್ಲರಿಗೂ ಕೈಮುಗಿದರು, ಮೇಲಿನ ಮನೆಯವರಿಗೂ.

ಹೊರಡುವಾಗ ಹುಡುಗ ಕೇಳಿದ, "ಈ ರೋಡಿಗೆ ಡಾಂಬರು ಯಾವಾಗ ಸಾರ್?" ಇನ್ನೇನು ಹಾಕುತ್ತಾರೆ ಎಂದೆವು. "ಹಾಗಾದರೆ ಮುಚ್ಚಳದ ಜಾಗ ಗೋಡೆ ಮೇಲೆ ಬರೆದಿಟ್ಕೊಳ್ಳಿ." ಯಾರ ಗೋಡೆ ಎಂಬ ಪ್ರಶ್ನೆಗೆ ಆ ಸಂಜೆ ಸಣ್ಣದೊಂದು ಸಭೆಯೇ ನಡೆಯಿತು. ಒಬ್ಬರದು ಮೊನ್ನೆ ಬಣ್ಣ ಹೊಡೆಸಿದ್ದು, ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರ ಗೋಡೆಗೆ ಗ್ರಾನೈಟ್ ಅಂಟಿಸಿದೆ. ಕಡೆಗೆ ಕೆಳಮನೆಯ ರಾಯರ ಕಾಂಪೌಂಡಿನ ಮೇಲೆಯೇ ಮೇಷ್ಟ್ರು ಕೆಂಪು ಬಣ್ಣದಲ್ಲಿ ಬಾಣದ ಗುರುತು ಹಾಕಿ "ಚೇಂಬರ್ 9 ಅಡಿ" ಎಂದು ದುಂಡಗೆ ಬರೆದರು. ಡಾಂಬರು ಬಂತು, ಮುಚ್ಚಳ ಅಡಿಗೆ ಹೋಯಿತು, ಬರಹ ಉಳಿದಿದೆ. ಬಾಣ ನೋಡಿಕೊಂಡು ಆಗಾಗ ಯಾರಾದರೂ ಫೈಲು ಹಿಡಿದು ಬಂದು ರಾಯರ ಗೇಟು ತಟ್ಟುತ್ತಾರೆ, "ವಕೀಲರು ಎಷ್ಟು ಹೊತ್ತಿಗೆ ಸಿಗ್ತಾರೆ ಸಾರ್?" ಎಂದು.