ಒನ್ ಅಂಡ್ ಹಾಫ್ ಊರು

ಯಲಹಂಕ ಬಿಟ್ಟು ಬೆಂಗಳೂರು ಸೇರಿದವರಲ್ಲಿ ಮೊದಲಿಗರು ಕೆಂಪೇಗೌಡರು. 1537ರಲ್ಲಿ ಕೋಟೆ ಕಟ್ಟಿಸಿ, ಪೇಟೆ ಎಬ್ಬಿಸಿ, ಯಲಹಂಕದ ನಾಡಪ್ರಭುಗಳು ರಾಜಧಾನಿಯನ್ನೇ ಅಲ್ಲಿಗೆ ಸಾಗಿಸಿಬಿಟ್ಟರು. ಆವತ್ತಿನಿಂದ ಯಲಹಂಕದವರು ಬೆಳಗೆದ್ದು ಅದೇ ದಿಕ್ಕಿಗೆ ಹೊರಡುತ್ತಿದ್ದಾರೆ. ಗೌಡರ ಕುದುರೆಗೆ ಹೆಬ್ಬಾಳದ ಫ್ಲೈಓವರ್ ಅಡ್ಡ ಬಂದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಲೆಕ್ಕದಲ್ಲಿ ಯಲಹಂಕ ತಾಯಿ, ಬೆಂಗಳೂರು ಮಗ. ಮಗ ದುಡಿದ, ಮೈ ಬೆಳೆಸಿಕೊಂಡ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂದು ಉದ್ದನೆಯ ಹೆಸರಿಟ್ಟುಕೊಂಡು, ‘ಅಮ್ಮಾ, ಇನ್ಮೇಲೆ ನೀನು ನಮ್ಮ ಜೊತೆಗೇ ಇರು’ ಎಂದು ಕರೆದುಕೊಂಡು ಹೋದ. ಕೊಟ್ಟಿದ್ದು ಹಿಂದಿನ ರೂಮು. ಅಲ್ಲಿಯವರೆಗೆ ನಗರಸಭೆಯಾಗಿ ತನ್ನ ಅಡುಗೆ ತಾನು ಮಾಡಿಕೊಂಡಿದ್ದ ಯಲಹಂಕಕ್ಕೆ ಆಮೇಲೆ ಬೀದಿದೀಪ ಹೋದರೂ ಮಗನ ಮುಖ ನೋಡುವ ಗತಿ ಬಂತು. ಆವತ್ತು ಬೃಹತ್ ಮನೆಗೆ ಸೇರಿದವರಲ್ಲಿ ಯಲಹಂಕ ಒಂಟಿಯಲ್ಲ. ಒಟ್ಟು ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ ನೂರಕ್ಕೂ ಹೆಚ್ಚು ಹಳ್ಳಿಗಳು. ಅಷ್ಟು ಜನರಿರುವ ಮನೆಯಲ್ಲಿ ಬಚ್ಚಲಿಗೆ ನೀರು ಬರಲಿಲ್ಲ ಎಂದು ಗೊಣಗಿದರೆ ಕೇಳುವವರು ಯಾರು?

ನಾನಿರುವುದು ನ್ಯೂ ಟೌನಿನಲ್ಲಿ, ಅಂದರೆ ಕರ್ನಾಟಕ ಗೃಹಮಂಡಳಿ ಕಟ್ಟಿದ ಉಪನಗರದಲ್ಲಿ. ‘ನ್ಯೂ’ ಎನ್ನುವುದು ಬರೀ ಬೋರ್ಡಿನ ಮೇಲೆ. ಇಲ್ಲಿನ ಮರಗಳು ಬೇರಿಳಿಸಿ ಫುಟ್‌ಪಾತಿನ ಕಲ್ಲುಗಳನ್ನು ಎತ್ತಿ ಕೂರಿಸಿ ಎಷ್ಟೋ ಕಾಲವಾಯಿತು. ಓಲ್ಡ್ ಟೌನ್ ಕಡೆ ಹೋದರೆ ಗಾಜಿನ ಷೋರೂಮುಗಳು ಫಳಫಳ ಹೊಳೆಯುತ್ತವೆ. ಹೊಸಬರಿಗೆ ದಾರಿ ತಪ್ಪದೆ ಇನ್ನೇನು?

ಮನೆ ಕಟ್ಟುವಾಗ ಗೃಹಮಂಡಳಿ ಒಂದು ಹೊಸ ವರ್ಣಾಶ್ರಮವನ್ನೂ ಕಟ್ಟಿತು. ಆದಾಯಕ್ಕೆ ತಕ್ಕಂತೆ ಎಚ್‌ಐಜಿ, ಎಂಐಜಿ, ಎಲ್‌ಐಜಿ, ಇಡಬ್ಲ್ಯುಎಸ್. ಜಾತಿ ಕೇಳುವುದು ಸಭ್ಯತೆಯಲ್ಲ ಎಂದು ನಂಬಿದವರೂ ಮೊದಲ ಭೇಟಿಯಲ್ಲೇ, “ನಿಮ್ದು ಎಂಐಜಿನಾ, ಎಲ್‌ಐಜಿನಾ?” ಎಂದು ಕೇಳಿ ಮುಂದಿನ ಮಾತಿನ ದನಿ ಗೊತ್ತುಮಾಡಿಕೊಳ್ಳುತ್ತಿದ್ದರು. ಎಚ್‌ಐಜಿಯವರದು ಅಗಲವಾದ ಸೈಟು, ಮುಂದೆ ದಾಸವಾಳ, ಗೇಟಿನ ಮೇಲೆ ನಾಯಿಯ ಚಿತ್ರ. ಎಲ್‌ಐಜಿಯವರದು ಗೋಡೆಗೆ ಗೋಡೆ ಅಂಟಿದ ಸಂಸಾರ. ಆಮೇಲೆ ಏನಾಯಿತಪ್ಪಾ ಎಂದರೆ, ಎಚ್‌ಐಜಿಯ ಮಕ್ಕಳು ಅಮೆರಿಕಕ್ಕೆ ಹೋದರು, ಮನೆ ಇದ್ದ ಹಾಗೇ ಉಳಿಯಿತು. ಎಲ್‌ಐಜಿಯ ಮಕ್ಕಳು ಇಲ್ಲೇ ಇದ್ದು ಮಹಡಿಯ ಮೇಲೆ ಮಹಡಿ ಎತ್ತಿದರು. ಕೆಳಗೆ ಬೇಕರಿ, ಅದರ ಮೇಲೆ ಟ್ಯೂಷನ್, ಅದರ ಮೇಲೆ ಪಿಜಿ, ತುದಿಯಲ್ಲಿ ಸಿಂಟೆಕ್ಸ್ ಟ್ಯಾಂಕು. ಈಗ ನಮ್ಮ ರಸ್ತೆಯಲ್ಲಿ ಹೈ ಇನ್‌ಕಮ್ಮಿನವರ ಅಂಗಳಕ್ಕೆ ಬಿಸಿಲು ಬೀಳಬೇಕಾದರೆ ಲೋ ಇನ್‌ಕಮ್ಮಿನವರ ಕಟ್ಟಡ ದಾಟಿ ಬರಬೇಕು. ಮಧ್ಯಾಹ್ನ ಒಂದಕ್ಕೆ ಬರುತ್ತದೆ, ಒಂದೂವರೆಗೆ ಹೋಗುತ್ತದೆ.

ಏಪ್ರಿಲ್ ಬಂತೆಂದರೆ ಎದುರಿನ ಎಚ್‌ಐಜಿ ಆಂಟಿ ಸಂಡಿಗೆ ಹಿಟ್ಟಿನ ಪಾತ್ರೆ, ಒಂದು ಹಳೇ ಪಂಚೆ, ಕೊಡೆಯ ಮುರಿದ ಕೋಲು ಹಿಡಿದು ಆ ನಾಲ್ಕು ಮಹಡಿ ಹತ್ತುತ್ತಾರೆ. ಪ್ರತಿ ಮಹಡಿಯಲ್ಲೂ ನಿಂತು ಸುಧಾರಿಸಿಕೊಳ್ಳುತ್ತಾರೆ.

“ಏನಮ್ಮಾ, ನಿಮ್ಮ ಟೆರೇಸ್ ಮೇಲೆ ಒಂದೆರಡು ಸಾಲು ಹಾಕ್ಕೊಳ್ಳಾ?”

“ಹಾಕ್ಕೊಳ್ಳಿ ಆಂಟಿ, ಬಿಸಿಲಿಗೇನು ದುಡ್ಡಾ? ಪಿಜಿ ಹುಡುಗ್ರು ಹಸೀದೇ ಕಿತ್ಕೊಂಡು ತಿಂತಾರೆ, ಅದೊಂದು ನೋಡ್ಕೊಳ್ಳಿ.”

ಆಂಟಿ ಕೋಲು ಹಿಡಿದು ಕೂರುವುದು ಕಾಗೆಗಲ್ಲ. ಸಮಾಜವಾದ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಟೆರೇಸು ತೋರಿಸುತ್ತೇನೆ.

ಇನ್ನು ನಾವು ಬೆಂಗಳೂರಿನ ಒಳಗಿದ್ದೇವೋ ಹೊರಗಿದ್ದೇವೋ ಎನ್ನುವ ಪ್ರಶ್ನೆ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಿವೆಯಲ್ಲ: ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ಸರ್ಕಲ್ ಹತ್ತಿರ. ಊರು ಅದನ್ನು ದಾಟಿ ಬೆಳೆದರೆ ಕೇಡು ಎಂದು ಹಿರಿಯರು ಹೇಳುತ್ತಿದ್ದರಂತೆ. ಊರು ದಾಟಿತು, ಕೇಡು ಆಯಿತೋ ಇಲ್ಲವೋ ಎನ್ನುವುದನ್ನು ಮೇಖ್ರಿ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ನಿಂತವರನ್ನು ಕೇಳಬೇಕು. ಅಂಚೆ ಇಲಾಖೆಯ ಪ್ರಕಾರ ನಾವು ಬೆಂಗಳೂರು 560064. ಆದರೆ ನಮ್ಮ ಬೀದಿಯ ಹಿರಿಯರು ಇವತ್ತಿಗೂ “ಸ್ವಲ್ಪ ಬೆಂಗಳೂರಿಗೆ ಹೋಗ್ಬರ್ತೀನಿ” ಎಂದೇ ಚಪ್ಪಲಿ ಮೆಟ್ಟುತ್ತಾರೆ. ನಿಜವಾದ ಗಡಿ ಯಾವುದು ಎಂದು ಬಲ್ಲವರು ಆಟೋದವರು ಮಾತ್ರ.

ಒಮ್ಮೆ ಮಲ್ಲೇಶ್ವರದಲ್ಲಿ, ನೆತ್ತಿಯ ಮೇಲೆ ಸೂರ್ಯನಿರುವ ಹೊತ್ತಿನಲ್ಲಿ ಒಬ್ಬನನ್ನು ಕರೆದೆ.

“ಯಲಹಂಕಾನಾ? ಒನ್ ಅಂಡ್ ಹಾಫ್ ಕೊಡಿ.”

“ಅದು ರಾತ್ರಿ ಹತ್ತರ ಮೇಲಲ್ವೇನಪ್ಪಾ?”

“ಟೈಮಿಗಲ್ಲ ಸಾರ್, ಊರಿಗೆ. ಬರೋವಾಗ ಖಾಲಿ ಬರ್ಬೇಕು. ಸಿಟಿ ಒಳಗಾಗಿದ್ರೆ ಮೀಟರ್ ಹಾಕ್ತಿದ್ದೆ.”

ಕೂತೆ. ಜಕ್ಕೂರು ದಾಟುವವರೆಗೂ ಆತ ಖಾಲಿ ಬರುವ ಕಷ್ಟವನ್ನು, ಗ್ಯಾಸಿನ ರೇಟನ್ನು, ಯಲಹಂಕದ ಬಾಡಿಗೆ ಯಾರಿಗೂ ಬೇಡ ಎನ್ನುವುದನ್ನು ಮನಮುಟ್ಟುವಂತೆ ವಿವರಿಸಿದ. ಮನೆ ಮುಂದೆ ಇಳಿದು ದುಡ್ಡು ಕೊಡುತ್ತ, ಪಾಪ, ಇನ್ನು ವಾಪಸ್ ಹೋಗಬೇಕಲ್ಲ ಎಂದು ಮರುಗಿದೆ. “ಇಲ್ಲ ಸಾರ್, ಊಟಕ್ಕೆ ಹೊರಟಿದ್ದೆ. ನಮ್ಮನೆ ಇಲ್ಲೇ ಅಟ್ಟೂರು” ಎಂದು ಗಾಡಿ ತಿರುಗಿಸಿದ.

ಯಲಹಂಕಕ್ಕೂ ಒಂದು ಕಾಲ ಬರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ. 1996ರಿಂದ ನಮ್ಮ ವಾಯುನೆಲೆಯಲ್ಲಿ ನಡೆಯುತ್ತಿರುವ ಈ ಜಾತ್ರೆಗೆ ನಮಗೆ ಟಿಕೆಟ್ ಬೇಕಿಲ್ಲ. ಸೂರ್ಯಕಿರಣದವರು ಬಂದು ಅಡುಗೆಮನೆಯ ಕಿಟಕಿಯ ಮೇಲೇ ಲಾಗ ಹಾಕಿ ಹೋಗುತ್ತಾರೆ. ಸುಖೋಯ್ ಹಾದುಹೋದಾಗ ಷೆಲ್ಫಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಆ ದಿನಗಳಲ್ಲಿ ನಮ್ಮ ಊರಿನ ಕೋಳಿ ಕುರಿಗಳಿಗೆ ಸರ್ಕಾರಿ ಜೀವದಾನ. ಮಾಂಸದ ತ್ಯಾಜ್ಯಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ ಎಂಬ ಕಾರಣಕ್ಕೆ ಪಾಲಿಕೆಯ ಆದೇಶ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್, ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ ಮಾರುವಂತಿಲ್ಲ, ಮಾಂಸದೂಟ ಬಡಿಸುವಂತಿಲ್ಲ. ಜಗತ್ತಿನ ಅತಿ ವೇಗದ ಯುದ್ಧವಿಮಾನಗಳು ಯಲಹಂಕದ ಬಿರಿಯಾನಿಗೆ ಹೆದರುತ್ತವೆ ಎನ್ನುವ ರಕ್ಷಣಾ ರಹಸ್ಯ ನಮಗೆ ಗೊತ್ತಾದದ್ದು ಹೀಗೆ. ನಮ್ಮ ಮೂಲೆಮನೆಯವರು ಸಸ್ಯಾಹಾರಿಗಳು. ಅಷ್ಟು ದಿನವೂ ಅವರ ಮುಖದಲ್ಲಿ ವಾಯುಸೇನೆಯ ಬಗ್ಗೆ ವಿಶೇಷ ಗೌರವ ಕಾಣುತ್ತಿತ್ತು. ಮಿಕ್ಕವರು ಭಾನುವಾರ ಬಂತೆಂದರೆ ಸ್ಕೂಟರಿನ ಕಿಲೋಮೀಟರ್ ನೋಡಿಕೊಳ್ಳುತ್ತ ಹದಿನಾಲ್ಕನೆಯ ಕಿಲೋಮೀಟರ್ ಹುಡುಕಿಕೊಂಡು ಹೊರಡುತ್ತಿದ್ದರು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದದ್ದು ನಮ್ಮ ಸಂಸಾರಕ್ಕೆ ಒಂದು ಐತಿಹಾಸಿಕ ಘಟನೆ. ಅದಕ್ಕೆ ಮುಂಚೆ ಜಯನಗರದ ನೆಂಟರು, “ಅಷ್ಟು ದೂರ ಯಾರ್ ಬರ್ತಾರೆ” ಎಂದು ಗೃಹಪ್ರವೇಶಕ್ಕೇ ಚಕ್ಕರ್ ಹೊಡೆದಿದ್ದರು. ವಿಮಾನ ಹಾರತೊಡಗಿದ್ದೇ ತಡ, ಫೋನು. “ನೀವು ಏರ್‌ಪೋರ್ಟ್ ಪಕ್ಕದಲ್ಲೇ ಇದೀರಂತೆ? ಬೆಳಿಗ್ಗೆ ನಾಲ್ಕಕ್ಕೆ ಫ್ಲೈಟು, ರಾತ್ರಿ ನಿಮ್ಮನೇಲೇ ಇದ್ದುಬಿಡ್ತೀವಿ.” ಬಂದವರು ಹಾಲಿನ ನಡುವೆ ಸೂಟ್‌ಕೇಸ್ ಹರವಿ, ನಮ್ಮ ತೂಕದ ಮಿಷಿನ್ನಿನ ಮೇಲೆ ಅದನ್ನು ಹತ್ತಿಸಿ ಇಳಿಸಿ, ಜಿಪ್ಪು ಎಳೆಯಲು ಮಕ್ಕಳನ್ನು ಮೇಲೆ ಕೂರಿಸಿ ಸಾಹಸ ಮಾಡುತ್ತಾರೆ. 23 ಕೆಜಿ ಮೀರಿದ್ದು ನಮ್ಮ ಪಾಲು. ಹಾಗಾಗಿ ನಾವು ಚಟ್ನಿಪುಡಿ, ಸಾರಿನಪುಡಿ, ಹುರಿಹಿಟ್ಟು ಕೊಂಡು ಎಷ್ಟೋ ವರ್ಷವಾಯಿತು. ನನ್ನ ಹೆಂಡತಿಗೆ ಯಾವ ಸೊಸೆಗೆ ಯಾವ ಅತ್ತೆಯ ಉಪ್ಪಿನಕಾಯಿ ಇಷ್ಟವಿಲ್ಲ ಎನ್ನುವುದು ಆ ತೂಕದ ಹೊತ್ತಿನಲ್ಲೇ ಗೊತ್ತಾಗುತ್ತದೆ. ಮೊದಲು ಹೊರಗೆ ಬರುವುದು ಅದೇ ಬಾಟಲಿ.

ನೀರಿನ ವಿಷಯ ಬೇಡ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತೇವೆ. ಮಳೆ ಜಾಸ್ತಿಯಾದರೆ, 2021ರ ನವೆಂಬರ್ ಮತ್ತು 2024ರ ಅಕ್ಟೋಬರಿನಲ್ಲಿ ಆದಂತೆ, ಕೆರೆ ತುಂಬಿ ಅಪಾರ್ಟ್‌ಮೆಂಟಿಗೆ ನುಗ್ಗಿ ಜನರನ್ನು ದೋಣಿಯಲ್ಲಿ ಕರೆತರುತ್ತಾರೆ. ಉಪನಗರ ರೈಲಿನ ವಿಷಯ ಮಾತ್ರ ಹೇಳಲೇಬೇಕು. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟು 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದರು. ಅದರಲ್ಲಿ ಸಂಪಿಗೆ, ಕನಕ ಎರಡೂ ಯಲಹಂಕದ ಮೂಲಕವೇ ಹೋಗಬೇಕಾದವು. ಮುಡಿಗೆ ಎರಡೆರಡು ಹೂವು ಗೊತ್ತಾಗಿವೆ, ದಿಬ್ಬಣಕ್ಕೆ ಕಾಯುತ್ತಿದ್ದೇವೆ.

2025ರಲ್ಲಿ ಮಾತ್ರ ದೊಡ್ಡ ತಮಾಷೆಯೇ ಆಯಿತು. ಬೃಹತ್ ಮಗನ ಮನೆ ಪಾಲಾಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ನಾವು ಬೆಂಗಳೂರು ಉತ್ತರ ಪಾಲಿಕೆಗೆ ಸೇರಿದೆವು. ಅದೇ ವರ್ಷ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಗಿತ್ತು, ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಮಾಡಲು ಸಂಪುಟ ತೀರ್ಮಾನಿಸಿತ್ತು. ಹಾಗಾಗಿ ಬೆಂಗಳೂರು ಉತ್ತರ ಪಾಲಿಕೆಯಲ್ಲಿರುವ ನಾವು ಬೆಂಗಳೂರು ಉತ್ತರ ಜಿಲ್ಲೆಯವರಲ್ಲ, ಬೆಂಗಳೂರು ನಗರ ಜಿಲ್ಲೆಯವರು. ಆ ಉತ್ತರ ಜಿಲ್ಲೆ ದೊಡ್ಡಬಳ್ಳಾಪುರದ ಕಡೆಯದು. ಬೆಂಗಳೂರು ಉತ್ತರ ತಾಲ್ಲೂಕು ಎಂದು ಬೇರೆ ಇದೆ, ಅದೂ ನಮ್ಮದಲ್ಲ. ನಮ್ಮದು ಯಲಹಂಕ ತಾಲ್ಲೂಕು. ಇದನ್ನು ಮಗಳ ಕಾಲೇಜಿನ ಅರ್ಜಿಯಲ್ಲಿ ತುಂಬಿಸುವಾಗ ಮನೆಯಲ್ಲಿ ಸಣ್ಣ ಜಗಳವೇ ಆಯಿತು.

ಈ ಗಡಿಬಿಡಿಯ ನಡುವೆ ನನ್ನ ಭಾವಮೈದುನ ಸೈಟು ಕೊಳ್ಳುತ್ತೇನೆಂದು ಹೊರಟ. ಪಾಂಪ್ಲೆಟಿನಲ್ಲಿ ‘ಯಲಹಂಕದಿಂದ ಕೇವಲ 30 ನಿಮಿಷ’ ಎಂದಿತ್ತು. ಓದಿ ನನಗೆ ರೋಮಾಂಚನವಾಯಿತು. ಮೆಜೆಸ್ಟಿಕ್ಕಿನಿಂದ ಎಷ್ಟು ದೂರ ಎಂದೇ ಜೀವನವಿಡೀ ಅಳೆಸಿಕೊಂಡ ಊರಿನಿಂದ ಈಗ ಇನ್ನೊಂದು ಊರನ್ನು ಅಳೆಯುತ್ತಿದ್ದಾರೆ! ದೊಡ್ಡಬಳ್ಳಾಪುರ ರಸ್ತೆಯಲ್ಲಿ ಆ ಮೂವತ್ತು ನಿಮಿಷ ಎರಡು ಸಲ ಮುಗಿದ ಮೇಲೆ ರಾಗಿ ಹೊಲವೊಂದರ ಅಂಚಿಗೆ ತಲುಪಿದೆವು. ಜಮೀನಿನ ಅಜ್ಜ ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

“ಎಲ್ಲಿಂದ ಬಂದ್ರಪ್ಪಾ?”

“ಬೆಂಗಳೂರಿಂದ” ಎಂದ ಭಾವಮೈದುನ, ಎದೆಯುಬ್ಬಿಸಿ.

“ಬೆಂಗ್ಳೂರಲ್ಲಿ ಎಲ್ಲಿ?”

“ಯಲಹಂಕ.”

“ಹಂಗನ್ನಿ ಮತ್ತೆ” ಎಂದು ಅಜ್ಜ ನಕ್ಕರು. ಚದರಡಿಗೆ ಅವರು ಹೇಳಿದ ರೇಟು ಕೇಳಿ ಭಾವಮೈದುನನ ಎದೆ ಮತ್ತೆ ಮೊದಲಿನ ಅಳತೆಗೆ ಬಂತು. “ಏನಜ್ಜಾ, ಈ ಹಳ್ಳೀಲಿ ಇಷ್ಟೊಂದಾ? ಪಕ್ಕದ ಸೈಟು ಹೋದ್ ವರ್ಷ ಇದರಲ್ಲಿ ಅರ್ಧಕ್ಕೆ ಕೊಟ್ರಂತೆ.”

“ಹೌದು ಕಣಪ್ಪ, ಕೊಟ್ಟಿದ್ದು ನಾನೇ” ಎಂದರು ಅಜ್ಜ. “ಆವಾಗ ಗ್ರಾಮಾಂತರ. ಈಗ ನಾವೂ ಬೆಂಗ್ಳೂರೇ ಅಲ್ವಾ?”